ಅಂದಾಜಿನ ಮದ್ದು ಸಾಕು, ಕೋವಿಗೂ ಒಂದು ಲೆಕ್ಕ ಬೇಕು



ಸೋಣ ತಿಂಗಳು ಶುರುವಾಯ್ತು. ಏಣೆಲಿನ ಗದ್ದೆಗಳು ಇನ್ನು ಸ್ವಲ್ಪ ದಿನದಲ್ಲಿ ತೆನೆ ಬಿಡುತ್ತವೆ. ತೆನೆಗೆ ಹಾಲು ತುಂಬಿದ್ದು ನಮಗಿಂತ ಮೊದಲು ಗೊತ್ತಾಗುವುದು ಗುಡ್ಡೆಯ ಹಂದಿಗೆ. ಒಂದು ಗುಂಪು ಒಂದು ರಾತ್ರಿ ಇಳಿದರೆ ಸಾಕು, ತಿಂದದ್ದು ಕಾಲು ಭಾಗ, ಹೊರಳಾಡಿ ಮಲಗಿಸಿದ್ದು ಮುಕ್ಕಾಲು ಭಾಗ. ಹಾಗಾಗಿ ಈಗ ಬೆಳೆ ರಕ್ಷಣೆಯ ಕೋವಿ ಇದ್ದವರೆಲ್ಲ ಅದನ್ನು ಹೊರಗೆ ತೆಗೆದು ಒರೆಸುವ ಹೊತ್ತು. ಒರೆಸುವುದರ ಜೊತೆಗೆ ಇನ್ನೂ ಕೆಲವು ಕೆಲಸ ಉಂಟು, ಅದನ್ನು ನಾವು ಹೆಚ್ಚಿನವರು ಮಾಡುವುದಿಲ್ಲ. ಇವತ್ತಿನ ಬರಹ ಅದರ ಬಗ್ಗೆ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿನಲ್ಲಿ ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಮಂಗಳೂರಿನ ಸುತ್ತಮುತ್ತ ಕೃಷಿ ಮಾಡುವ ನಾವು ಕೋವಿಯಲ್ಲಿ ಅಂದಾಜಿನ ಕೆಲಸ ಬಿಡಬೇಕು. ಅಂದಾಜಿಗೆ ಮದ್ದು ತುಂಬುವುದು, ಅಂದಾಜಿಗೆ ದೂರ ಹಿಡಿಯುವುದು, ಕತ್ತಲಲ್ಲಿ ಸದ್ದು ಬಂದ ಕಡೆಗೆ ಅಂದಾಜಿಗೆ ಈಡು ಹೊಡೆಯುವುದು, ಇದು ಮೂರೂ ನಿಲ್ಲಬೇಕು. ನಮ್ಮ ಕೋವಿ ಏನು, ಅದರೊಳಗೆ ಹೋಗುವ ತೋಟೆ ಏನು, ಎಷ್ಟು ದೂರಕ್ಕೆ ಅದು ಕೆಲಸ ಮಾಡ್ತದೆ, ಅದರಾಚೆ ಎಲ್ಲಿಗೆ ಹೋಗಿ ಬೀಳ್ತದೆ, ಈ ನಾಲ್ಕು ಗೊತ್ತಿಲ್ಲದೆ ಯಾರೂ ಗದ್ದೆಗೆ ಇಳಿಯಬಾರದು. ಇಲ್ಲದಿದ್ದರೆ ಒಂದು ದಿನ ಒಬ್ಬನ ಅಂದಾಜು ತಪ್ಪಿ, ಇಡೀ ಊರಿನವರ ಲೈಸೆನ್ಸಿಗೆ ಕುತ್ತು ಬರುವುದು ಖಂಡಿತ.

ನಮ್ಮ ಹತ್ತಿರ ಇರುವುದು ಎಂಥ ಕೋವಿ?

ಮುಖ್ಯವಾಗಿ ಎರಡು ಜಾತಿ. ಒಂದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಲೈಸೆನ್ಸ್ ಪುಸ್ತಕದಲ್ಲಿ ಅದಕ್ಕೆ ಎಸ್‌ಬಿಎಂಎಲ್ ಎಂದು ಬರೆದಿರ್ತದೆ. ಇನ್ನೊಂದು ಹಿಂದಿನಿಂದ ತೋಟೆ ಹಾಕುವ 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ, ಅಂದರೆ ಎಸ್‌ಬಿಬಿಎಲ್, ಡಿಬಿಬಿಎಲ್. 12 ಬೋರ್ ಎಂದರೆ ನಳಿಗೆಯ ಒಳಗಾತ್ರಕ್ಕೆ ಸರಿಯಾಗುವ ಸೀಸದ ಗುಂಡು ಮಾಡಿದರೆ ಒಂದು ಪೌಂಡಿಗೆ 12 ಗುಂಡು ಬರುತ್ತವೆ ಎಂದು ಅರ್ಥ. ಆ ನಳಿಗೆಯ ಒಳಗಿನ ಅಗಲ ಸುಮಾರು ಹದಿನೆಂಟೂವರೆ ಮಿಲಿಮೀಟರ್.

1959ರ ಆಯುಧ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಹೇಳುವುದು ಬಾಯಿಯಿಂದ ತುಂಬುವ ಕೋವಿಯನ್ನೇ. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತು ಉಂಟು, ತುಂಬಾ ಜನರಿಗೆ ಗೊತ್ತಿಲ್ಲ. ಬೆಳೆ ಕಾಯಲು ಅಂಥ ಕೋವಿ ಸಾಲದು ಎಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ನಯ ನಳಿಗೆಯ ಕೋವಿಗೂ ಲೈಸೆನ್ಸ್ ಕೊಡಬಹುದು. ಅಂದರೆ ತೋಟೆ ಹಾಕುವ ಕೋವಿ ಕೇಳಲಿಕ್ಕೆ ಕಾನೂನಿನಲ್ಲೇ ದಾರಿ ಉಂಟು. ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿ, ಅಂದರೆ ಬಜಪೆ, ಮೂಲ್ಕಿ, ಮೂಡುಬಿದಿರೆ, ಉಳ್ಳಾಲ, ಕೊಣಾಜೆ ಠಾಣೆಗಳವರೆಗೂ, ಅರ್ಜಿ ಹೋಗಬೇಕಾದ್ದು ಪೊಲೀಸ್ ಕಮಿಷನರಿಗೆ. ಅದರಾಚೆಯವರಿಗೆ ಜಿಲ್ಲಾಧಿಕಾರಿ.

ಕೈಯಲ್ಲಿ ತುಂಬುವ ಮದ್ದಿನ ತೊಂದರೆ ಎಂತದು?

ಕೇಪಿನ ಕೋವಿ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಕ್ರಮದಲ್ಲಿ ತುಂಬುವವರು ಅಳತೆಗೆಂದೇ ಒಂದು ಪಾತ್ರೆ ಇಟ್ಟುಕೊಂಡಿರ್ತಾರೆ. ಗಜ ಎಷ್ಟು ಒಳಗೆ ಹೋಗಬೇಕು ಎಂದು ಅದಕ್ಕೆ ಗುರುತು ಹಾಕಿರ್ತಾರೆ. ಹಾಗೆ ಗುರುತು ಇದ್ದರೆ ಕೋವಿ ಖಾಲಿ ಉಂಟಾ, ತುಂಬಿದೆಯಾ ಎಂದು ಗಜ ಇಳಿಸಿ ನೋಡಿದ ಕೂಡಲೇ ಗೊತ್ತಾಗ್ತದೆ. ಅಂಥವರ ಬಗ್ಗೆ ನನ್ನ ತಕರಾರಿಲ್ಲ.

ತೊಂದರೆ ಇರುವುದು ಅಂಗೈಯಲ್ಲಿ ಅಳೆಯುವವರದ್ದು. ಒಂದು ಮುಷ್ಟಿ ಮದ್ದು, ತೆಂಗಿನ ನಾರು, ಸಿಕ್ಕಿದ ಚರೆ, ಕೆಲವೊಮ್ಮೆ ಸೈಕಲ್ಲಿನ ಬಾಲ್ಸು, ಮೇಲಿಂದ ಮತ್ತೆ ನಾರು. ಮೊನ್ನೆ ತುಂಬಿದ್ದು ನೆನಪಿಲ್ಲದೆ ಇವತ್ತು ಅದರ ಮೇಲೆ ಇನ್ನೊಂದು ಸಲ ತುಂಬಿದರೆ ನಳಿಗೆ ಸೀಳುವುದು ಕೋವಿ ಹಿಡಿದವನ ಎಡಗೈಯ ಹತ್ತಿರವೇ. ಕೇಪಿನ ಕೋವಿ ಕಪ್ಪು ಮದ್ದಿಗೆ ಆದದ್ದು. ತೋಟೆ ಬಿಚ್ಚಿ ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಇದಕ್ಕೆ ಹಾಕಿದರೆ, ಅಥವಾ ಗರ್ನಾಲು ಒಡೆದು ಅದರ ಮದ್ದು ಸುರಿದರೆ, ಆ ಒತ್ತಡವನ್ನು ಹಳೆಯ ಕಬ್ಬಿಣ ತಡೆಯುವುದಿಲ್ಲ. ತೋಟೆಯ ಓಡನ್ನು ಮತ್ತೆ ಮನೆಯಲ್ಲಿ ತುಂಬುವವರೂ ಇದ್ದಾರೆ. ಒಳಗೆ ಯಾವ ಮದ್ದು, ಎಷ್ಟು ಎಂದು ತುಂಬಿದವನಿಗೇ ಸರಿಯಾಗಿ ಗೊತ್ತಿಲ್ಲದ ತೋಟೆಯನ್ನು ಕೆನ್ನೆಯ ಪಕ್ಕದಲ್ಲಿಟ್ಟು ಒಡೆಯುವುದು ಧೈರ್ಯವೆಂದು ನನಗೆ ಕಾಣುವುದಿಲ್ಲ.

ಇನ್ನೊಂದು, ತುಂಬಿದ ಕೋವಿಯನ್ನು ಬಾಗಿಲ ಹಿಂದೆ ನಿಲ್ಲಿಸಿಡುವ ಕ್ರಮ. ಹಂದಿ ಬಂದಾಗ ತುಂಬಲಿಕ್ಕೆ ಸಮಯ ಇಲ್ಲ ಎಂದು ಹೇಳ್ತಾರೆ. ಮನೆಯಲ್ಲಿ ಮಕ್ಕಳು, ಕೆಲಸದವರು, ಬಂದುಹೋಗುವ ನೆಂಟರು ಇರುವಾಗ ಈ ಮಾತು ನಡೆಯುವುದಿಲ್ಲ ಮಾರಾಯ್ರೆ. ನಮ್ಮ ಕರಾವಳಿಯ ಹವೆಯಲ್ಲಿ ತುಂಬಿಟ್ಟ ಕಪ್ಪು ಮದ್ದು ತಣಿದು ನಳಿಗೆಯ ಬುಡವನ್ನೇ ತಿನ್ನುತ್ತದೆ. ಕೇಪು ಒಡೆದರೂ ಮದ್ದು ಹತ್ತುವುದಿಲ್ಲ, ಕೆಲವೊಮ್ಮೆ ಒಂದೆರಡು ಸೆಕೆಂಡು ತಡವಾಗಿ ಹತ್ತುತ್ತದೆ. ಅಷ್ಟರಲ್ಲಿ ಕೋವಿಯನ್ನು ಕೆಳಗಿಳಿಸಿ ಎಂತಾಯ್ತು ಎಂದು ನೋಡುವವನ ಗತಿ ಹೇಳಬೇಕಾ?

"ಅಜ್ಜನ ಕಾಲದಿಂದ ಹೀಗೇ ಮಾಡಿದ್ದು"

ಈ ಉತ್ತರ ನನಗೆ ಎಲ್ಲ ಕಡೆ ಸಿಗುತ್ತದೆ. ಅಜ್ಜನ ಅನುಭವಕ್ಕೆ ಗೌರವ ಉಂಟು. ಆದರೆ ಅಜ್ಜನ ಬೈಲು ಮತ್ತು ನಮ್ಮ ಬೈಲು ಒಂದೇ ಅಲ್ಲ. ಅವರ ಕಾಲದಲ್ಲಿ ಗದ್ದೆಯ ಆಚೆ ಗುಡ್ಡೆ, ಗುಡ್ಡೆಯ ಆಚೆ ಮತ್ತೆ ಗದ್ದೆ. ಈಗ ವಾಮಂಜೂರು, ನೀರುಮಾರ್ಗ, ಕುಡುಪು, ಬಜಪೆ, ಕೊಣಾಜೆ, ಎಲ್ಲಿ ಬೇಕಾದರೂ ನಿಂತು ನೋಡಿ. ಗುಡ್ಡೆ ತಟ್ಟು ಮಾಡಿ ಸೈಟು, ಬರೆಯ ಮೇಲೆ ಬಾಡಿಗೆ ಮನೆ, ತೋಟದ ಬದಿಯಲ್ಲೇ ಕಾಂಕ್ರೀಟ್ ರಸ್ತೆ. ರಾತ್ರಿ ಹತ್ತು ಗಂಟೆಗೂ ಕೆಲಸ ಮುಗಿಸಿ ಬೈಕಿನಲ್ಲಿ ಬರುವವರು ಇರ್ತಾರೆ. ಹಂದಿ ಮಾತ್ರ ಹಳೆಯ ದಾರಿಯಲ್ಲೇ ಬರುತ್ತದೆ, ಆ ದಾರಿಯ ಸುತ್ತ ಮನೆಗಳು ಬಂದಿವೆ.

ಈಗ ಈ ಲೆಕ್ಕ ನೋಡಿ. ಚರೆಯ ಗಾತ್ರವನ್ನು ಇಂಚಿನಲ್ಲಿ ತೆಗೆದುಕೊಂಡು 2200ರಿಂದ ಗುಣಿಸಿದರೆ ಅದು ಹೆಚ್ಚೆಂದರೆ ಎಷ್ಟು ಗಜ ಹಾರಬಹುದು ಎಂದು ಸುಮಾರು ಗೊತ್ತಾಗ್ತದೆ. ಕೋವಿ ಬಲ್ಲವರು ಹಿಂದಿನಿಂದಲೂ ಬಳಸುವ ಲೆಕ್ಕ ಇದು. 4 ನಂಬರಿನ ಚರೆ ಸುಮಾರು 240 ಮೀಟರ್ ಹೋಗ್ತದೆ. ಬಿಬಿ 320 ಮೀಟರ್. ಹಂದಿಗೆಂದು ಹೆಚ್ಚಿನವರು ಇಟ್ಟುಕೊಳ್ಳುವ ಎಲ್‌ಜಿಯ ಒಂದೊಂದು ಗುಂಡು 0.36 ಇಂಚು, ಅದು 700 ಮೀಟರ್ ದಾಟಬಹುದು. ಒಂಟಿ ಗುಂಡು ಇನ್ನೂ ದೂರ. ನಿಮ್ಮ ಗದ್ದೆಯ ಹುಣಿಯಲ್ಲಿ ನಿಂತು ಸುತ್ತ 700 ಮೀಟರಿನೊಳಗೆ ಎಷ್ಟು ಮನೆಯ ಮಾಡು ಕಾಣ್ತದೆ ಎಂದು ಒಮ್ಮೆ ಎಣಿಸಿ ನೋಡಿ.

ಅದೇ ಎಲ್‌ಜಿ ತೋಟೆಯಲ್ಲಿ ಇರುವುದು ಆರೆಂಟು ಗುಂಡು ಮಾತ್ರ. ಅದು ಹೋದ ಹಾಗೆ ಹರಡುತ್ತದೆ. ಚೋಕ್ ಇಲ್ಲದ ನಳಿಗೆಯಾದರೆ 30 ಮೀಟರಿಗೆ ಹೋಗುವಾಗ ಎರಡೂವರೆ ಮೂರು ಅಡಿ ಅಗಲಕ್ಕೆ ಹರಡಿರ್ತದೆ. 50 ಮೀಟರಿನಲ್ಲಿ ನಿಂತ ಹಂದಿಗೆ ಒಂದೋ ಎರಡೋ ತಾಗಬಹುದು, ಉಳಿದದ್ದು ಅದರ ಪಕ್ಕದಿಂದ ದಾಟಿ ಆಚೆಯ ಮನೆಯ ಕಡೆಗೆ ಹೋಗ್ತದೆ. ಒಂದೇ ಗುಂಡು ತಾಗಿದ ಹಂದಿ ಅಲ್ಲೇ ಬೀಳುವುದಿಲ್ಲ. ಪಕ್ಕದವರ ತೋಟದ ಪೊದೆಯಲ್ಲಿ ಹೋಗಿ ಮಲಗ್ತದೆ. ಬೆಳಗ್ಗೆ ಹುಲ್ಲಿಗೆ ಹೋದ ಹೆಂಗಸಿನ ಮೇಲೆ ನುಗ್ಗುವುದು ಅಂಥ ಹಂದಿಯೇ.

ಅಳತೆ ಮಾಡಿ ತುಂಬುವವರು ಹೇಗೆ ಮಾಡ್ತಾರೆ?

ಮನೆಯಲ್ಲೇ ತೋಟೆ ತುಂಬುವುದು ಅಮೆರಿಕದಲ್ಲಿ ಮಾಮೂಲಿ. ಅಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆ ಉಂಟು, ನಮ್ಮ ಕಡವೆಯ ದೂರದ ನೆಂಟ ಎನ್ನಬಹುದು. ಕೊಲೊರಾಡೊದಂಥ ರಾಜ್ಯಗಳಲ್ಲಿ ಅದರ ಬೇಟೆಗೆ ಸರಕಾರವೇ ಲೈಸೆನ್ಸ್ ಮತ್ತು ದಿನ ನಿಗದಿ ಮಾಡ್ತದೆ, ರೈಫಲ್ಲಿನ ಹಂಗಾಮು ಅಕ್ಟೋಬರ್, ನವೆಂಬರಿನಲ್ಲಿ. ಅವರ ಬೇಟೆ ನಮಗೆ ಬೇಡ, ನಮ್ಮ ಕಾನೂನಿನಲ್ಲಿ ಅದಕ್ಕೆ ಜಾಗವೂ ಇಲ್ಲ. ಆದರೆ ಅವರ ತಯಾರಿ ನೋಡಬೇಕಾದ್ದು. ಮದ್ದನ್ನು ಗ್ರೈನ್ ಲೆಕ್ಕದಲ್ಲಿ ತೂಗ್ತಾರೆ. ಒಂದು ಪೌಂಡಿಗೆ 7000 ಗ್ರೈನ್, ಅಂದರೆ ಒಂದು ಗ್ರೈನ್ ಎಂದರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಭಾಗದಷ್ಟು ಹೆಚ್ಚುಕಮ್ಮಿಯಾಗದ ಹಾಗೆ ನೋಡ್ತಾರೆ. ಮದ್ದು ತಯಾರಿಸಿದ ಕಂಪೆನಿಯವರೇ ಅಚ್ಚು ಹಾಕಿದ ಪುಸ್ತಕದಲ್ಲಿರುವ ಮಿತಿ ದಾಟುವುದಿಲ್ಲ. ಹಂಗಾಮಿಗೆ ತಿಂಗಳುಗಳ ಮೊದಲೇ ರೇಂಜಿಗೆ ಹೋಗಿ ಹೊಡೆದು, ಯಾವ ತೋಟೆ ಎಲ್ಲಿ ಬೀಳ್ತದೆ ಎಂದು ಪುಸ್ತಕದಲ್ಲಿ ಬರೆದಿಡ್ತಾರೆ. 1949ರ ಜನವರಿ 1ರ ನಂತರ ಹುಟ್ಟಿದವರಿಗೆ ಕೊಲೊರಾಡೊದಲ್ಲಿ ಬೇಟೆ ಶಿಕ್ಷಣದ ತರಗತಿ ಮುಗಿಸದೆ ಲೈಸೆನ್ಸೇ ಇಲ್ಲ.

ಊರಾಚೆ, ಮೈಲುಗಟ್ಟಲೆ ಮನೆಯಿಲ್ಲದ ಕಾಡುಬೆಟ್ಟದಲ್ಲಿ ಹೊಡೆಯುವವರು ಇಷ್ಟು ಲೆಕ್ಕ ಮಾಡ್ತಾರೆ. ಮನೆಗಳ ನಡುವೆ ಹೊಡೆಯುವ ನಾವು ಅಂಗೈಯಲ್ಲಿ ಅಳೆಯುತ್ತೇವೆ. ಆ ತೂಕದ ಯಂತ್ರ, ಪುಸ್ತಕ, ಕಾರ್ಖಾನೆಯ ಮದ್ದು ನಮ್ಮಲ್ಲಿ ಇಲ್ಲದ ಮೇಲೆ ನಮಗಿರುವ ಸರಿಯಾದ ದಾರಿ ಒಂದೇ: ತೋಟೆಯ ಕೋವಿ ಇದ್ದವರು ಕಾರ್ಖಾನೆಯ ತೋಟೆಯನ್ನು ಲೈಸೆನ್ಸ್ ಇರುವ ಅಂಗಡಿಯಿಂದಲೇ ತರುವುದು, ಕೇಪಿನ ಕೋವಿಯವರು ಅಳತೆಯ ಪಾತ್ರೆ, ಗುರುತಿನ ಗಜ ಬಿಟ್ಟು ತುಂಬದಿರುವುದು.

ದುಡ್ಡಿನ ಮಾತು ಬರುತ್ತದೆ, ಗೊತ್ತುಂಟು. ತೋಟೆ ದುಬಾರಿ, ಪುಸ್ತಕದಲ್ಲಿ ಬರೆದಷ್ಟೇ ಸಿಗುವುದು, ಕೆಲವು ಸಲ ಅಂಗಡಿಯಲ್ಲಿ ಸ್ಟಾಕೇ ಇರುವುದಿಲ್ಲ. ನಿಜ. ಆದರೆ ಬೆಳೆ ಕಾಯುವವನಿಗೆ ಒಂದು ಹಂಗಾಮಿಗೆ ಬೇಕಾಗುವ ತೋಟೆ ಎಷ್ಟು? ಲೆಕ್ಕ ಹಾಕಿ ಹೊಡೆಯುವವನಿಗೆ ಕೈಬೆರಳಲ್ಲಿ ಎಣಿಸುವಷ್ಟು ಸಾಕು. ಬರೇ ಸದ್ದಿಗೆ ತೋಟೆ ಖರ್ಚು ಮಾಡುವ ಬದಲು ಗರ್ನಾಲು ಹೊಡೆಯಿರಿ. ಮಂಗಕ್ಕಂತೂ ಅಷ್ಟೇ ಸಾಕು.

ಹಂಗಾಮಿಗೆ ಮೊದಲು ಮಾಡಬೇಕಾದ್ದು

1. ಮೊದಲು ಕೋವಿ ಖಾಲಿ ಉಂಟಾ ನೋಡಿ. ಎರಡು ಸಲ ನೋಡಿ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಮಳೆಗಾಲದಲ್ಲಿ ಮೂಲೆಯಲ್ಲಿ ನಿಂತ ಕೋವಿಯ ಬಾಯಿಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುವುದು ನಮ್ಮಲ್ಲಿ ಹೊಸತಲ್ಲ. ಅಷ್ಟು ಮಣ್ಣು ಸಾಕು ನಳಿಗೆ ಒಡೆಯಲಿಕ್ಕೆ. ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುಂಡು ಒಳಗೆ ಸಿಕ್ಕಿಕೊಂಡಿದ್ದರೂ ಅದೇ ಗತಿ.

2. ಕಪ್ಪು ಮದ್ದಿನ ಮಸಿ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೆ ಬರೇ ಎಣ್ಣೆ ಸವರಿದರೆ ತುಕ್ಕಿನ ಮೇಲೆ ಎಣ್ಣೆ, ಅಷ್ಟೆ. ಕೇಪಿನ ಕೋವಿಯನ್ನು ಬಿಸಿನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಹಾಕಬೇಕು. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್ ಪೊಳ್ದಿಗೆ ಕೋವಿಯನ್ನು ಪೂಜೆಗಿಟ್ಟು ತೋಕ್ ಪೂ ಸಿಕ್ಕಿಸ್ತಾರೆ. ನಾವು ಆಯುಧಪೂಜೆಗೆ ಗಂಧ ಕುಂಕುಮ ಹಚ್ಚುತ್ತೇವೆ. ಹಚ್ಚುವ ಮೊದಲು ನಳಿಗೆಯ ಒಳಗೂ ಒಮ್ಮೆ ನೋಡಿದರೆ ದೇವರಿಗೂ ಸಂತೋಷವೇ.

3. ತೋಟೆಯ ಕೋವಿಯಾದರೆ ಮುಚ್ಚಿದಾಗ ನಳಿಗೆ ಅಲ್ಲಾಡುತ್ತದಾ ನೋಡಿ. ಅಲ್ಲಾಡಿದರೆ ಹೊಡೆಯಬೇಡಿ. ಊರಿನ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸುವುದು ಬೇಡ. ಕೋವಿ ರಿಪೇರಿ ಕೆಲಸಕ್ಕೂ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಅಂಥವರ ಹತ್ತಿರವೇ ಕೊಂಡುಹೋಗಿ.

4. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟೆ ಕೂರುವ ಕೋಣೆ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್ ಇರ್ತದೆ. ಈಗಿನ ತೋಟೆ 70 ಮಿಲಿಮೀಟರಿನದ್ದೂ ಬರ್ತದೆ. ಉದ್ದದ ತೋಟೆ ಗಿಡ್ಡ ಕೋಣೆಯೊಳಗೆ ಕೂರುತ್ತದೆ, ಆದರೆ ಹೊಡೆದಾಗ ಅದರ ಬಾಯಿ ಬಿಚ್ಚಲಿಕ್ಕೆ ಜಾಗ ಇಲ್ಲದೆ ಒತ್ತಡ ಏರುತ್ತದೆ. ಕೋವಿಯ ಮೇಲಿನ ಗುರುತು, ತೋಟೆಯ ಪೆಟ್ಟಿಗೆಯ ಮೇಲಿನ ಅಂಕೆ, ಎರಡನ್ನೂ ಓದಿ. ನಳಿಗೆಯ ಮೇಲೆ ಹಾವಿನ ಚರ್ಮದ ಹಾಗೆ ಸುರುಳಿ ಗೆರೆ ಇದ್ದರೆ ಅದು ಕಬ್ಬಿಣದ ಪಟ್ಟಿ ಸುತ್ತಿ ಮಾಡಿದ ಡಮಾಸ್ಕಸ್ ನಳಿಗೆ. ಅದಕ್ಕೆ ಇವತ್ತಿನ ತೋಟೆ ಬೇಡವೇ ಬೇಡ.

5. ತೋಟೆ ಊದಿದ್ದರೆ, ಹಿತ್ತಾಳೆ ಹಸಿರು ತಿರುಗಿದ್ದರೆ ಪಕ್ಕಕ್ಕಿಡಿ. ಒಡೆಯದ ತೋಟೆಯನ್ನು ಕೂಡಲೇ ತೆಗೆಯಬೇಡಿ. ನಳಿಗೆಯನ್ನು ಬರೆಯ ಕಡೆಗೆ ಹಿಡಿದುಕೊಂಡೇ ಒಂದು ನಿಮಿಷ ಕಾಯಿರಿ.

6. ನಿಮ್ಮ ಗದ್ದೆಯಲ್ಲಿ ಎಲ್ಲಿ ನಿಂತು ಯಾವ ಕಡೆಗೆ ಹೊಡೆಯಬಹುದು ಎಂದು ಹಗಲಲ್ಲಿ ನೋಡಿಡಿ. ಹಿಂದೆ ಮಣ್ಣಿನ ಬರೆ ಇರುವ ದಿಕ್ಕು ಮಾತ್ರ ಹೊಡೆಯುವ ದಿಕ್ಕು. ಎತ್ತರದಿಂದ ಕೆಳಕ್ಕೆ ಹೊಡೆದರೆ ಉಳಿದ ಗುಂಡು ಮಣ್ಣಿಗೆ ಹೋಗ್ತದೆ. 30 ಮೀಟರಿಗೆ ಒಂದು ಗೂಟ ಹುಗಿದು ಬಿಳಿ ಬಟ್ಟೆ ಕಟ್ಟಿ. ಗೂಟದ ಆಚೆ ಹಂದಿ ಇದ್ದರೆ ಟಾರ್ಚ್ ಬಿಟ್ಟು ಓಡಿಸುವುದೇ ಸೈ. ಬರೆಯಿಲ್ಲದ ಗದ್ದೆಯಾದರೆ, ಬೇಸರ ಬೇಡ, ಅಲ್ಲಿ ಕೋವಿ ಕೆಲಸದ್ದಲ್ಲ. ಬೇಲಿ, ನಾಯಿ, ಗರ್ನಾಲು ನೋಡಿಕೊಳ್ಳಬೇಕಷ್ಟೆ.

ಹೊಡೆದು ನೋಡುವುದು ಎಲ್ಲಿ?

ಮೇಲೆ ಹೇಳಿದ ಎಲ್ಲದಕ್ಕಿಂತ ಮುಖ್ಯವಾದ್ದು ಇದು. ಯಾವ ಕೋವಿ ಯಾವ ತೋಟೆಯನ್ನು ಹೇಗೆ ಹರಡುತ್ತದೆ ಎಂದು ಹೇಳಲಿಕ್ಕೆ ಬರುವುದಿಲ್ಲ. ಒಂದೇ ಕಂಪೆನಿಯ ಎರಡು ಕೋವಿ ಬೇರೆ ಬೇರೆ ರೀತಿ ಹರಡುತ್ತವೆ. ಗೊತ್ತಾಗಬೇಕಾದರೆ ನಾಲ್ಕು ಪತ್ರಿಕೆಯ ಹಾಳೆ ಅಂಟಿಸಿ, ನಡುವೆ ಗುರುತು ಹಾಕಿ, 30 ಮೀಟರಿನಿಂದ ಹೊಡೆದು, ತೂತು ಎಣಿಸಬೇಕು. ಜೋಡುನಳಿಗೆಯಾದರೆ ಎರಡೂ ನಳಿಗೆ ಬೇರೆ ಬೇರೆ. ಎರಡು ಮೂರು ತೋಟೆಯ ಖರ್ಚು.

ಆದರೆ ಇದನ್ನು ಮಾಡಲಿಕ್ಕೆ ನಮಗೆ ಜಾಗ ಇಲ್ಲ. ನಮ್ಮ ಗದ್ದೆಯಲ್ಲಿ ಹಗಲು ಹೊತ್ತು ಹೊಡೆದರೆ ಪಕ್ಕದ ಲೇಔಟಿನವರು ಫೋನ್ ಮಾಡ್ತಾರೆ. ಮಾಡುವುದು ತಪ್ಪೂ ಅಲ್ಲ. ಪರೀಕ್ಷೆಗೆ ಜಾಗ ಇಲ್ಲದ್ದರಿಂದ ಮೊದಲ ಪರೀಕ್ಷೆ ಕತ್ತಲಲ್ಲಿ ಹಂದಿಯ ಮೇಲೆಯೇ ಆಗುತ್ತದೆ.

2016ರ ಆಯುಧ ನಿಯಮಗಳ 10ನೇ ನಿಯಮದ ಪ್ರಕಾರ ಹೊಸತಾಗಿ ಲೈಸೆನ್ಸ್ ಕೇಳುವವರು ಸುರಕ್ಷತಾ ತರಬೇತಿ ಮಾಡಿರಬೇಕು. ಕೋವಿ ಇಡುವ ಕ್ರಮ, ಸಾಗಿಸುವ ಕ್ರಮ, ಹೊಡೆಯುವ ಕ್ರಮ ಎಲ್ಲ ಅದರಲ್ಲಿ ಬರ್ತದೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಹೆಚ್ಚಿನ ಕೋವಿಗಳು ಅದಕ್ಕಿಂತ ಹಳೆಯ ಲೈಸೆನ್ಸಿನವು. ಆ ಮಾಲೀಕರಿಗೆ ಯಾರೂ ಏನೂ ಕಲಿಸಿಲ್ಲ. ಪೊಲೀಸ್ ಇಲಾಖೆ ಆಗಾಗ ನಾಗರಿಕ ಬಂದೂಕು ತರಬೇತಿ ನಡೆಸುತ್ತದೆ. ಅದರಲ್ಲಿ ಇಲಾಖೆಯ ರೈಫಲ್ ಕೊಟ್ಟು ಕಲಿಸ್ತಾರೆ. ನನ್ನ ಬೇಡಿಕೆ ಇಷ್ಟೆ: ವರ್ಷಕ್ಕೊಮ್ಮೆ, ಸೋಣದ ಮೊದಲು, ಬೆಳೆ ರಕ್ಷಣೆಯ ಲೈಸೆನ್ಸ್ ಇರುವವರು ತಮ್ಮದೇ ಕೋವಿ, ತಮ್ಮದೇ ತೋಟೆ ತಂದು ಇಲಾಖೆಯ ರೇಂಜಿನಲ್ಲಿ ನಾಲ್ಕು ಈಡು ಹೊಡೆದು ನೋಡಲಿಕ್ಕೆ ಅವಕಾಶ ಕೊಡಲಿ. ಅದೇ ದಿನ ಇಲಾಖೆಯ ಆರ್ಮರರ್ ಕೋವಿ ನೋಡಿ ಇದು ಹೊಡೆಯಲಿಕ್ಕೆ ಆಗ್ತದೆ, ಇದು ಆಗುವುದಿಲ್ಲ ಎಂದು ಬರೆದು ಕೊಡಲಿ. ಆಗುವುದಿಲ್ಲ ಎಂದ ಕೋವಿಯನ್ನು ಮೂಲೆಗಿಡಲು ನಾವೂ ತಯಾರಿರಬೇಕು, ಅದು ಅಜ್ಜನ ಕೋವಿಯಾದರೂ.

ಹಂದಿ ಹೊಡೆಯುವ ಅನುಮತಿಯ ಮಾತು

ಲೈಸೆನ್ಸ್ ಕೋವಿಗೆ, ಹಂದಿಗೆ ಅಲ್ಲ. ಇದನ್ನು ಮರೆಯಬಾರದು. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿ ಉಂಟು. ಅದರಲ್ಲಿ ಕಾಡುಹಂದಿ 2ನೇ ಪಟ್ಟಿಯಲ್ಲಿದೆ. ನವಿಲು, ಕಾಟಿ, ಆನೆ 1ನೇ ಪಟ್ಟಿ. ಬೆಳೆಗೆ ಅಪಾಯ ಮಾಡುವ 2ನೇ ಪಟ್ಟಿಯ ಪ್ರಾಣಿಯನ್ನು ಹೊಡೆಯಲು 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಬರಹದಲ್ಲಿ ಅನುಮತಿ ಕೊಡಬೇಕು. ಜೀವಕ್ಕೆ ಬಂದಾಗ ಸದುದ್ದೇಶದಿಂದ ಆತ್ಮರಕ್ಷಣೆಗೆ ಹೊಡೆದದ್ದು ಅಪರಾಧ ಅಲ್ಲ ಎಂದು ಅದೇ ಸೆಕ್ಷನ್ ಹೇಳ್ತದೆ. ಇವೆರಡೂ ಇಲ್ಲದಿದ್ದರೆ ನಮ್ಮ ಕೋವಿಯ ಕೆಲಸ ಹೆದರಿಸುವುದು ಮಾತ್ರ.

ತಲಪಾಡಿ ದಾಟಿದರೆ ವ್ಯವಸ್ಥೆ ಬೇರೆ. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷರು, ನಗರಸಭೆ ಅಧ್ಯಕ್ಷರು, ಮೇಯರುಗಳಿಗೆ ಗೌರವ ವನ್ಯಜೀವಿ ವಾರ್ಡನ್ ಸ್ಥಾನ ಕೊಟ್ಟು, ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರ ಕೊಟ್ಟಿತು. ಲೈಸೆನ್ಸ್ ಇರುವ ಕೋವಿಯವರಿಂದಲೇ ಹೊಡೆಸಬೇಕು, ವಿಷ, ಸ್ಫೋಟಕ, ಕರೆಂಟು ಉಪಯೋಗಿಸಬಾರದು, ಸತ್ತ ಹಂದಿಯನ್ನು ಹೂಳಬೇಕು ಎಂಬ ಷರತ್ತಿನೊಂದಿಗೆ. ಅಂದರೆ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆಯ ನಮ್ಮದೇ ಕನ್ನಡ, ತುಳು ಮಾತಾಡುವ ರೈತರಿಗೆ ಹತ್ತಿರದ ಪಂಚಾಯತಿನಲ್ಲೇ ಕೇಳಲಿಕ್ಕೆ ಜಾಗ ಉಂಟು. ನಮ್ಮಲ್ಲೂ ಹಾಗೆ ಬೇಕು ಎಂದು ಸಭೆಗಳಲ್ಲಿ ನಾವೂ ಹೇಳುತ್ತೇವೆ.

ಹೇಳುವುದು ಸರಿ. ಆದರೆ ನಾಳೆ ಸರಕಾರ "ಆಯ್ತು, ನಿಮ್ಮ ಪಂಚಾಯತಿನಲ್ಲಿ ಹೊಡೆಯಲು ಗೊತ್ತಿರುವ ಐದು ಜನರ ಪಟ್ಟಿ ಕೊಡಿ" ಎಂದರೆ ಯಾರ ಹೆಸರು ಕೊಡುವುದು? ಪರೀಕ್ಷೆ ಮಾಡದ ಕೋವಿ, ಮುಷ್ಟಿಯಲ್ಲಿ ಅಳೆದ ಮದ್ದು, ಕತ್ತಲಲ್ಲಿ ಸದ್ದಿಗೆ ಹೊಡೆಯುವ ಅಭ್ಯಾಸ ಇಟ್ಟುಕೊಂಡು ಆ ಹಕ್ಕು ಕೇಳಲಿಕ್ಕೆ ಬಾಯಿ ಬರುವುದಿಲ್ಲ. ಹಕ್ಕು ಕೇಳುವ ಮೊದಲು ನಮ್ಮ ಕಡೆಯ ಲೆಕ್ಕ ಸರಿ ಮಾಡಿಕೊಳ್ಳಬೇಕು.

ಚುನಾವಣೆಗೆ ಠೇವಣಿ

ಇದೇ ಮಾತು ಚುನಾವಣೆಯ ಠೇವಣಿಗೂ ಬರ್ತದೆ. 2024ರ ಲೋಕಸಭಾ ಚುನಾವಣೆಗೆ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ. ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ಠಾಣೆಯಲ್ಲಿಟ್ಟ ಕೋವಿಗೆ 80 ದಿನದ ಲೆಕ್ಕ. ಅಡಿಕೆ, ತೆಂಗು, ಬಾಳೆ, ತರಕಾರಿಗೆ ಚುನಾವಣೆ ಗೊತ್ತಿಲ್ಲ, ಹಂದಿಗೂ ಗೊತ್ತಿಲ್ಲ.

ಬಾಂಬೆ ಹೈಕೋರ್ಟಿನ ತೀರ್ಪಿನ ನಂತರ 2009ರಲ್ಲಿ ಚುನಾವಣಾ ಆಯೋಗ ಕೊಟ್ಟ ಸೂಚನೆಯಲ್ಲಿ ಎಲ್ಲರ ಕೋವಿಯನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳಲು ಹೇಳಿಲ್ಲ. ಜಾಮೀನಿನಲ್ಲಿ ಇರುವವರು, ಅಪರಾಧದ ಹಿನ್ನೆಲೆ ಇರುವವರು, ಹಿಂದೆ ಗಲಭೆಯಲ್ಲಿ ಸೇರಿದವರು, ಇಂಥವರನ್ನು ಪರಿಶೀಲನಾ ಸಮಿತಿ ನೋಡಿ ತೀರ್ಮಾನ ಮಾಡಬೇಕು. ಬೆಳೆ ಕಾಯುವವನು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಹಾಗಾಗಿ ವಿನಾಯಿತಿ ಕೇಳಿ, ಗುಂಪಾಗಿ ಕೇಳಿ, ಬರಹದಲ್ಲಿ ಕೇಳಿ. ಅರ್ಜಿಯ ಜೊತೆ ಕೋವಿ ತಪಾಸಣೆಯ ಚೀಟಿ, ತರಬೇತಿಯ ಪತ್ರ, ಬೆಳೆ ಹಾನಿಯ ಫೋಟೊ ಇದ್ದರೆ ನಮ್ಮ ಮಾತಿಗೆ ತೂಕ ಬರ್ತದೆ. ಬರೇ "ನಾವು ರೈತರು" ಎಂದರೆ ಸಮಿತಿಗೆ ನಮ್ಮನ್ನು ಬೇರೆಯವರಿಂದ ಬೇರೆ ಮಾಡಲಿಕ್ಕೆ ಆಧಾರ ಬೇಕಲ್ಲ?

ಠೇವಣಿ ಇಡಲೇಬೇಕಾಗಿ ಬಂದರೆ ತೊಳೆದು, ಒಣಗಿಸಿ, ಎಣ್ಣೆ ಹಾಕಿ, ಬಟ್ಟೆಯ ಚೀಲದಲ್ಲಿ ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತದೆ. ರಶೀದಿಯಲ್ಲಿ ಕೋವಿಯ ನಂಬರ್ ಸರಿ ಉಂಟಾ ನೋಡಿ. ವಾಪಸು ತಂದ ದಿನವೇ ತೋಟೆ ಹಾಕಬೇಡಿ. ಮೇಲೆ ಹೇಳಿದ ಒಂದನೇ ನಂಬರಿನಿಂದ ಮತ್ತೆ ಶುರು ಮಾಡಿ.

ಕಾಗದದ ವಿಷಯವೂ ಎರಡು ಮಾತು. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಅವಧಿ 3 ವರ್ಷದ ಬದಲು 5 ವರ್ಷ ಆಗಿದೆ. ಐದು ವರ್ಷ ದೊಡ್ಡದು, ಮರೆತುಹೋಗ್ತದೆ. ಅವಧಿ ಮುಗಿಯುವ 60 ದಿನ ಮೊದಲೇ ನವೀಕರಣದ ಅರ್ಜಿ ಹಾಕಿ. ಅವಧಿ ಮುಗಿದ ಲೈಸೆನ್ಸಿನ ಕೋವಿ ಎಂದರೆ ಲೈಸೆನ್ಸ್ ಇಲ್ಲದ ಕೋವಿಯೇ. ಇನ್ನು ಅಂದಾಜಿನ ಈಡಿಗೆ ಒಂದು ಜೀವ ಹೋದರೆ, ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಜೈಲು. ಜೈಲಿಗಿಂತ ದೊಡ್ಡದು, ಆ ಮನೆಯವರ ಮುಖ ದಿನಾ ನೋಡಿಕೊಂಡು ಅದೇ ಊರಿನಲ್ಲಿ ಬದುಕಬೇಕಾದ್ದು.

ಮಾಡಬೇಕಾದ ಕೆಲಸ ಇಷ್ಟು. ಈ ವಾರ ಒಂದು ಸಣ್ಣ ಪುಸ್ತಕ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಕೋವಿಯ ನಂಬರ್, ಕೋಣೆಯ ಉದ್ದ, ಲೈಸೆನ್ಸ್ ಮುಗಿಯುವ ತಾರೀಕು. ಎರಡನೇ ಪುಟದಲ್ಲಿ ಯಾವ ತೋಟೆ, ಯಾವಾಗ ತಂದದ್ದು, ಎಷ್ಟು ಉಂಟು, ಎಲ್ಲಿ ಯಾಕೆ ಹೊಡೆದದ್ದು. ಮೂರನೇ ಪುಟದಲ್ಲಿ ನಿಮ್ಮ ಗದ್ದೆಯ ಸಣ್ಣ ನಕ್ಷೆ: ಮನೆಗಳು ಎಲ್ಲಿ, ಬರೆ ಎಲ್ಲಿ, ಗೂಟ ಎಲ್ಲಿ. ಆ ಮೂರು ಪುಟ ತುಂಬಿದವರು ಹತ್ತು ಜನ ಆದರೆ ರೇಂಜಿನ ಬೇಡಿಕೆಯ ಅರ್ಜಿಯನ್ನು ನಾವೇ ಕಮಿಷನರ ಕಚೇರಿಗೆ ಕೊಂಡುಹೋಗುವ. ಅರ್ಜಿ ಬರೆಯುವ ಕೆಲಸ ನನ್ನದು, ಸಹಿ ಹಾಕಲು ನೀವು ಬನ್ನಿ. ಏಣೆಲು ಕೊಯ್ಲಿಗೆ ಮೊದಲು ಮಾಡುವ.